ಸೀಲು ಒಡೆಯದ ಮಾತ್ರಕ್ಕೆ ಹೊಣೆ ತಪ್ಪದು

ಸಂಗ್ರಾಹಕರ ವಲಯದಲ್ಲಿ ಒಂದು ವಾದ ಪ್ರಶ್ನೆಯೇ ಇಲ್ಲದೆ ಚಲಾವಣೆಯಲ್ಲಿದೆ. ಸೀಲ್ ಪ್ಯಾಕ್ ಮಾಲಿನ ಒಳಗೇನಿದೆ ಎಂದು ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ. ಇಬ್ಬರೂ ಕಾಣದ ದೋಷಕ್ಕೆ ಮಾರಿದವನ ಕೊರಳಪಟ್ಟಿ ಹಿಡಿಯುವುದು ಅನ್ಯಾಯ. ಹಾಟ್ ವೀಲ್ಸ್ ಕಾರು, ಪೋಕೆಮಾನ್ ಕಾರ್ಡಿನ ಬೂಸ್ಟರ್ ಬಾಕ್ಸ್, ಎಂಬತ್ತರ ದಶಕದ ರೋಬೋ ಆಟಿಕೆ, ಏನನ್ನೇ ಆನ್‌ಲೈನ್‌ನಲ್ಲಿ ಮಾರಿದರೂ ವಿವರಣೆಯ ಕೊನೆಯಲ್ಲಿ ‘ಆ್ಯಸ್ ಈಸ್, ನೋ ರಿಟರ್ನ್ಸ್’ ಎಂಬ ಸಾಲು ಬಿದ್ದಿರುತ್ತದೆ. ಅನುಭವಸ್ಥರೂ ಹೊಸಬರಿಗೆ ಇದನ್ನೇ ಉಪದೇಶಿಸುತ್ತಾರೆ. ಈ ಹವ್ಯಾಸವನ್ನು ನಾನು ಹಚ್ಚಿಕೊಂಡವನು. ಆ ಕಾರಣಕ್ಕೇ ಈ ವಾದದ ಮೇಲೆ ನನಗೆ ತಕರಾರಿದೆ.

ಮೊದಲ ತಕರಾರು ಬೆಲೆಯ ಕುರಿತದ್ದು. 2007ರ 4 ಜಿಬಿ ಐಫೋನ್, ಪೆಟ್ಟಿಗೆ ತೆರೆಯದ ಸ್ಥಿತಿಯಲ್ಲಿ, 2023ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ 1,90,000 ಡಾಲರ್‌ಗೂ ಮಿಗಿಲಾದ ಬೆಲೆಗೆ ಹೋಯಿತು. ಬಳಸಿದ ಅದೇ ಫೋನಿಗೆ ಅದರ ಸಣ್ಣ ಪಾಲೂ ಹುಟ್ಟದು. ಆ ಅಂತರವೆಲ್ಲ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯ ಬೆಲೆ. ಸೀಲಿನ ಹೆಸರಲ್ಲಿ ಅಷ್ಟು ಹಣ ಎಣಿಸಿಕೊಂಡ ಮೇಲೆ, ಆ ಸೀಲು ಯಾವುದಕ್ಕೂ ಸಾಕ್ಷಿಯಲ್ಲ ಎನ್ನುವುದು ಹೇಗೆ ಸರಿಯಾದೀತು? ‘ಫ್ಯಾಕ್ಟರಿ ಸೀಲ್ಡ್’ ಎಂದು ಶೀರ್ಷಿಕೆ ಕೊಟ್ಟವನು ಒಂದು ಹೇಳಿಕೆ ನೀಡಿದ್ದಾನೆ: ಕಾರ್ಖಾನೆ ಬಿಟ್ಟಾಗ ಒಳಗೆ ಏನಿತ್ತೋ ಅದೇ ಈಗಲೂ ಇದೆ. ಅದು ಸುಳ್ಳಾದರೆ ‘ನಾನು ನೋಡಿರಲಿಲ್ಲ’ ಎಂಬ ಸಬೂಬು ನಿಲ್ಲುವುದಿಲ್ಲ.

ಇಲ್ಲಿ ಎಲ್ಲರೂ ‘ಕೊಳ್ಳುವವನೇ ಎಚ್ಚರವಾಗಿರಬೇಕು’ ಎಂಬ ಹಳೆಯ ಸೂತ್ರವನ್ನು ಎಳೆದು ತರುತ್ತಾರೆ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಆ ಸೂತ್ರದಿಂದಲೇ ಶುರುವಾಗುತ್ತದೆ, ನಿಜ. ಆದರೆ ಅದನ್ನು ಉದ್ಧರಿಸುವವರು ಮುಂದಕ್ಕೆ ಓದಿದಂತಿಲ್ಲ. ಆ ಬಗೆಯ ಸರಕಿನ ವ್ಯಾಪಾರ ಮಾಡುವವನಿಂದ ವಿವರಣೆಯ ಮೇಲೆ ಕೊಂಡರೆ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಎಂಬ ಷರತ್ತು, ಬರೆಯದಿದ್ದರೂ, ಕರಾರಿನಲ್ಲಿ ಸೇರಿರುತ್ತದೆ. ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ ಮಾತ್ರ ವಿನಾಯಿತಿ, ಅದೂ ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಗಳಿಗಷ್ಟೇ. ಸೀಲು ಒಡೆಯದೆ ಪರೀಕ್ಷಿಸುವುದೆಲ್ಲಿ ಬಂತು? ಮಾರಾಟಗಾರರ ಪರವಾಗಿ ಪಠಿಸುವ ಕಲಮೇ ಸೀಲ್ ಮಾಲಿನ ವಿಷಯದಲ್ಲಿ ಅವರಿಗೆ ತಿರುಗಿ ಬೀಳುತ್ತದೆ. ಇನ್ನು 15ನೇ ಕಲಮು, ಸರಕು ವಿವರಣೆಗೆ ತಾಳೆಯಾಗಬೇಕು ಎನ್ನುವುದು, ವ್ಯಾಪಾರಿಯಲ್ಲದ ಹವ್ಯಾಸಿಗೂ ಅನ್ವಯಿಸುತ್ತದೆ.

‘ಗೊತ್ತಿಲ್ಲದವನಿಗೆ ಹೊಣೆಯೇ?’ ಎಂಬ ಪ್ರಶ್ನೆ ನ್ಯಾಯಾಲಯಗಳಿಗೆ ಹೊಸದೇನಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ವೈದ್ಯರೊಬ್ಬರು ಅಂಗಡಿಯಿಂದ ಉಣ್ಣೆಯ ಒಳಉಡುಪು ಕೊಂಡರು. ನೂಲಿನಲ್ಲಿ ಉಳಿದಿದ್ದ ಸಲ್ಫೈಟ್‌ನಿಂದ ಅವರಿಗೆ ತೀವ್ರ ಚರ್ಮರೋಗ ಬಂತು. ಅಂಗಡಿಯವನಿಗೆ ಅದು ಕಾಣುವ ದಾರಿಯೇ ಇರಲಿಲ್ಲ. ಸರಕು ಬಂದದ್ದೇ ಕಾಗದದ ಪೊಟ್ಟಣಗಳಲ್ಲಿ. ಆದರೂ 1935ರಲ್ಲಿ ಪ್ರಿವಿ ಕೌನ್ಸಿಲ್ ತಯಾರಕನ ಜೊತೆ ಅಂಗಡಿಯವನನ್ನೂ ಹೊಣೆ ಮಾಡಿತು. ತಯಾರಕನ ಹೊಣೆ ಅಜಾಗರೂಕತೆಗೆ, ಅಂಗಡಿಯವನ ಹೊಣೆ ಕರಾರಿಗೆ. ಅವನ ತಪ್ಪಿನ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದಿರುವುದರಿಂದಲೇ ನಮ್ಮ ಸಂಗ್ರಾಹಕರ ಚರ್ಚೆಗಳೆಲ್ಲ ‘ಅವನು ಒಳ್ಳೆಯವನು, ಮೋಸ ಮಾಡುವವನಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಒಳ್ಳೆಯವನೇ ಇರಲಿ; ಕೇಳುತ್ತಿರುವುದು ಅವನ ಚಾರಿತ್ರ್ಯ ಪ್ರಮಾಣಪತ್ರವನ್ನಲ್ಲವಲ್ಲ.

ಎರಡನೆಯ ತಕರಾರು ಇನ್ನೂ ಗಂಭೀರ. ಮಾರುವವನಿಗೆ ಗೊತ್ತಿಲ್ಲ ಎಂಬ ಊಹೆಯೇ ಎಷ್ಟೋ ಸಲ ಸುಳ್ಳು. ಹಳೆಯ ಪೋಕೆಮಾನ್ ಪ್ಯಾಕುಗಳಲ್ಲಿ ಹೊಳೆಯುವ ಹೋಲೊ ಕಾರ್ಡ್ ಇದ್ದರೆ ತೂಕ ಕೂದಲೆಳೆಯಷ್ಟು ಹೆಚ್ಚು. ಆಭರಣದಂಗಡಿಯ ತಕ್ಕಡಿ ಇದ್ದವನು ಪ್ಯಾಕು ಒಡೆಯದೆಯೇ ‘ಹೆವಿ’, ‘ಲೈಟ್’ ಎಂದು ವಿಂಗಡಿಸಿ, ಹೆವಿ ಪ್ಯಾಕನ್ನು ತಾನಿಟ್ಟುಕೊಂಡು ಲೈಟನ್ನು ‘ಅನ್‌ಓಪನ್ಡ್’ ಎಂದು ಮಾರಬಲ್ಲ. ಸೀಲು ಸಾಚಾ, ಒಳಗಿನ ಕಾರ್ಡೂ ಸಾಚಾ. ಹೋಗಿರುವುದು ಕೊಂಡವನು ದುಡ್ಡು ಕೊಟ್ಟ ಅದೃಷ್ಟ. 2024ರಲ್ಲಿ ಅಮೆರಿಕದ ಕೈಗಾರಿಕಾ ತಪಾಸಣಾ ಸಂಸ್ಥೆಯೊಂದು ಪ್ಯಾಕು ಒಡೆಯದೆ ಸಿ.ಟಿ. ಸ್ಕ್ಯಾನ್ ಮಾಡಿ ಒಳಗಿನ ಕಾರ್ಡು ಗುರುತಿಸುವ ಸೇವೆಯನ್ನೇ ಶುರು ಮಾಡಿತು. ನಮ್ಮಲ್ಲೂ ಹಾಟ್ ವೀಲ್ಸ್‌ನ ‘ಸೂಪರ್ ಟ್ರೆಷರ್ ಹಂಟ್’ ಕಾರುಗಳ ಕಥೆ ಬೇರೆಯಲ್ಲ. ಅವುಗಳ ಗುರುತು ರಬ್ಬರ್ ಟೈರು. ಬ್ಲಿಸ್ಟರನ್ನು ಹುಷಾರಾಗಿ ಎಬ್ಬಿಸಿ, ಕಾರಿನ ಚಕ್ರ ಬದಲಿಸಿ, ಮತ್ತೆ ಅಂಟಿಸುವ ಕೈಚಳಕದವರಿದ್ದಾರೆ. ಬ್ಲಿಸ್ಟರಿನ ಅಂಚನ್ನು ಓರೆಬೆಳಕಿಗೆ ಹಿಡಿದು ನೋಡಿ. ಕಾರ್ಖಾನೆಯ ಅಂಟು ಒಂದೇ ಸಮ ಇರುತ್ತದೆ. ಎಬ್ಬಿಸಿದ ಕಡೆ ರಟ್ಟಿನ ಮೇಲ್ಪದರ ತುಸು ಸುಲಿದು ಬಿಳಿಯ ಎಳೆ ಕಾಣುತ್ತದೆ. ಫೋಟೊದಲ್ಲಿ ಅದು ಕಾಣದು. ಮಾರುವವನ ಕೈಯಲ್ಲಿ ಅದೇ ಕಾರು ವಾರಗಟ್ಟಲೆ ಇತ್ತು.

ತೆಂಗಿನಕಾಯಿ ಅಂಗಡಿಯವನೂ ಒಳಗನ್ನು ಕಂಡವನಲ್ಲ. ಆದರೂ ಬಡಿದು, ಅಲ್ಲಾಡಿಸಿ, ನೀರಿನ ಸದ್ದು ಕೇಳಿಸಿಯೇ ಕೊಡುತ್ತಾನೆ. ಕೊಳೆತದ್ದು ಬಂದರೆ ಮರ್ಯಾದಸ್ಥ ಅಂಗಡಿಯವನು ಬೇರೊಂದು ಕೊಡುತ್ತಾನೆ. ಸಾವಿರಗಟ್ಟಲೆ ರೂಪಾಯಿಯ ಪೆಟ್ಟಿಗೆ ಮಾರುವವನಿಂದ ಅಷ್ಟನ್ನು ಕೇಳುವುದು ಅತಿಯಾಸೆಯೇ?

ಎದುರು ಪಕ್ಷದ ಬಲವಾದ ವಾದ ಇರುವುದು ಬೇರೆ ಕಡೆ, ಅದನ್ನು ಮುಚ್ಚಿಡಲಾರೆ. ಕಾಲ ಮಾಡುವ ಹಾನಿಗೆ ಯಾರು ಹೊಣೆ? ಟ್ರಾನ್ಸ್‌ಫಾರ್ಮರ್ಸ್ ಸಂಗ್ರಾಹಕರು ‘ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್’ ಎನ್ನುತ್ತಾರೆ: ಎಂಬತ್ತರ ದಶಕದ ಕೊನೆ, ತೊಂಬತ್ತರ ದಶಕದ ಕೆಲವು ಆಟಿಕೆಗಳ ಬಂಗಾರದ ಬಣ್ಣದ ಪ್ಲಾಸ್ಟಿಕ್ ವಯಸ್ಸಾದಂತೆ ಗರಿಗರಿಯಾಗಿ, ಪೆಟ್ಟಿಗೆಯಿಂದ ತೆಗೆದು ಕೈ ತಿರುಗಿಸಿದರೆ ಕೀಲೇ ಪುಡಿಯಾಗುತ್ತದೆ. ಹಳೆಯ ಲೋಹದ ಕಾರುಗಳಲ್ಲಿ ಸತುವಿನ ಮಿಶ್ರಲೋಹಕ್ಕೆ ಸೀಸದ ಕಲ್ಮಶ ಸೇರಿದ್ದರೆ ಮೈಯೆಲ್ಲ ಬಿರುಕು. ಆ 2007ರ ಐಫೋನಿನ ಬ್ಯಾಟರಿ ಇಂದು ಚಾರ್ಜ್ ಹಿಡಿಯುತ್ತದೆಂದು ಯಾರೂ ನಿರೀಕ್ಷಿಸುವುದಿಲ್ಲ. ಇವನ್ನೆಲ್ಲ ಮಾರಿದವನ ತಲೆಗೆ ಕಟ್ಟಿದರೆ ಹಳೆಯ ವಸ್ತುಗಳ ವ್ಯಾಪಾರವೇ ನಿಂತುಹೋಗುತ್ತದೆ ಎಂಬ ಆಕ್ಷೇಪಕ್ಕೆ ನನ್ನ ಒಪ್ಪಿಗೆ ಇದೆ. ಮಾರಾಟಯೋಗ್ಯ ಎಂಬುದನ್ನು ವಸ್ತುವಿನ ವಯಸ್ಸು ನೋಡಿಯೇ ಅಳೆಯಬೇಕು. ಆದರೆ ಪ್ಲಾಸ್ಟಿಕ್ಕಿನ ಈ ಜಾತಿರೋಗ ಗೊತ್ತಿದ್ದೂ, ಅದನ್ನೇ ಮಾರುವ ಕಸುಬಿನವನು ಒಂದು ಸಾಲು ಬರೆಯದೆ ಸುಮ್ಮನಿದ್ದರೆ? ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಡಿ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಾಗದು. ಕಾನೂನು ಬಿಟ್ಟರೂ ವಿಮರ್ಶಕನಾಗಿ ನಾನು ಬಿಡಲಾರೆ. ಆ ಮೌನದಿಂದ ಬೆಲೆ ಏರುತ್ತದೆ ಎಂಬುದು ಅವನಿಗೆ ಗೊತ್ತು.

‘ಆ್ಯಸ್ ಈಸ್’ ಸಾಲಿಗೂ ಕಾನೂನಿನ ಬಲ ತಕ್ಕಮಟ್ಟಿಗೆ ಇದೆ. ಸರಕು ಮಾರಾಟ ಕಾಯ್ದೆಯ 62ನೇ ಕಲಮು ಇಬ್ಬರೂ ಒಪ್ಪಿ ಸೂಚ್ಯ ಷರತ್ತುಗಳನ್ನು ಕೈಬಿಡಲು ಅವಕಾಶ ಕೊಡುತ್ತದೆ. ಆದರೆ ತಲೆಬರಹದಲ್ಲಿ ‘ಫ್ಯಾಕ್ಟರಿ ಸೀಲ್ಡ್’ ಎಂದು ಘೋಷಿಸಿ ಅಡಿಬರಹದಲ್ಲಿ ‘ಒಳಗಿನದಕ್ಕೆ ಜವಾಬ್ದಾರಿ ಇಲ್ಲ’ ಎನ್ನುವುದು ಕೈಬಿಡುವುದಲ್ಲ, ಕೊಟ್ಟದ್ದನ್ನು ಕಸಿಯುವುದು. ವಂಚನೆಗಂತೂ ಅಂಥ ಸಾಲು ರಕ್ಷೆಯಾಗದು.

ಕೊಳ್ಳುವವರನ್ನೂ ಹಾಗೇ ಬಿಡುವಂತಿಲ್ಲ. ‘ಗ್ರಾಹಕ ಕೋರ್ಟಿಗೆ ಹೋಗ್ತೀನಿ’ ಎಂದು ಗುಡುಗುವವರಲ್ಲಿ ಅನೇಕರು ನಾಲ್ಕು ವರ್ಷ ಬಿಟ್ಟು ದುಪ್ಪಟ್ಟಿಗೆ ಮಾರಲೆಂದೇ ಕೊಂಡವರು. ಮರುಮಾರಾಟಕ್ಕೆ ಕೊಂಡವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಎಣಿಸುವುದಿಲ್ಲ. ಅವನಿಗೆ ಉಳಿದಿರುವುದು ಸಿವಿಲ್ ದಾವೆ. ಅದಕ್ಕೂ ಕಾಲಮಿತಿಯಿದೆ. ಹತ್ತು ವರ್ಷ ಬೀರುವಿನಲ್ಲಿಟ್ಟು ಆಮೇಲೆ ಒಡೆದವನಿಗೆ, ವಂಚನೆ ಸಾಬೀತಾಗದ ಹೊರತು, ಬಾಗಿಲು ಮುಚ್ಚಿರುತ್ತದೆ. ಇದು ಸರಿಯೆಂದೇ ನನ್ನ ಅಭಿಪ್ರಾಯ. ಬೆಲೆಯೇರಿಕೆಯ ಲಾಭ ತನಗೆ, ಕಾಲದ ನಷ್ಟ ಮಾರಿದವನಿಗೆ ಎಂಬ ಲೆಕ್ಕ ನ್ಯಾಯದ್ದಲ್ಲ. ಒಡೆಯುವ ವಿಡಿಯೊ ಇಲ್ಲದೆ ದೂರು ತರುವವರ ಮೇಲೂ ನನಗೆ ಕನಿಕರ ಕಡಿಮೆ. ಪೆಟ್ಟಿಗೆಯೊಳಗಿನದನ್ನು ಬದಲಿಸುವ ಕೈಚಳಕ ಕೊಂಡವನಿಗೂ ಬರುತ್ತದೆ.

ಪರಿಣತರ ಪ್ರಮಾಣಪತ್ರವಿದ್ದರೆ ಈ ಜಗಳವೇ ಇಲ್ಲ ಎಂಬ ಕೊನೆಯ ನಂಬಿಕೆಯೂ ಪೊಳ್ಳು. ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ 2021ರ ಡಿಸೆಂಬರ್‌ನಲ್ಲಿ ಮೊದಲ ಆವೃತ್ತಿಯ ಪೋಕೆಮಾನ್ ಕಾರ್ಡುಗಳದ್ದೆಂಬ ಸೀಲ್ ಪೆಟ್ಟಿಗೆಯನ್ನು 35 ಲಕ್ಷ ಡಾಲರ್‌ಗೆ ಕೊಂಡ. ಹೆಸರಾಂತ ಸಂಸ್ಥೆಯೊಂದು ಅದನ್ನು ಸಾಚಾ ಎಂದು ದೃಢೀಕರಿಸಿತ್ತು. ಮರುತಿಂಗಳು ಒಡೆದರೆ ಒಳಗಿದ್ದದ್ದು ಜಿ.ಐ. ಜೋ ಕಾರ್ಡುಗಳು. ಮಾರಿದವನೂ ಅದೇ ಪೆಟ್ಟಿಗೆಯನ್ನು 27 ಲಕ್ಷ ಡಾಲರ್ ಕೊಟ್ಟು ತಂದು ಮೋಸಹೋದವನೇ. ಆದರೂ ಲೋಗನ್ ಪಾಲ್‌ನ ಹಣ ವಾಪಸಾಯಿತು. ‘ನನಗೂ ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ಅಕ್ಷರಶಃ ನಿಜವಾಗಿತ್ತು, ಹಾಗಿದ್ದೂ ಹೊಣೆಯನ್ನು ತಪ್ಪಿಸಲಿಲ್ಲ.

ಸೀಲ್ ಮಾಲು ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಯಾರಿಂದ ಬಂತು, ಹೇಗೆ ಇಟ್ಟಿದ್ದಿರಿ, ತೂಗಿದ್ದೀರೋ ಇಲ್ಲವೋ ಎಂಬುದನ್ನು ಬರೆಯಿರಿ. ಒಳಗೆ ಬೇರೆಯದೇ ಬಂದರೆ ಹಣ ಹಿಂದಿರುಗಿಸುತ್ತೇನೆ ಎಂಬ ಸಾಲನ್ನೂ ಸೇರಿಸಿ. ಸೇರಿಸಲು ಧೈರ್ಯವಿಲ್ಲದಿದ್ದರೆ ಸೀಲಿನ ಬೆಲೆ ಕೇಳಬೇಡಿ.