ಇದರಲ್ಲಿ ಸ್ಮಿತ್ ಎಲ್ಲಿದ್ದಾನೆ?

ಆರ್ಗನ್ ವಾದಕ ಜಿಮ್ಮಿ ಸ್ಮಿತ್ ವಿಷಯದಲ್ಲಿ ಜಾಝ್ ಬಲ್ಲವರು ಎಂದೋ ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದಾರೆ. 1956ರಲ್ಲಿ ಬ್ಲೂ ನೋಟ್ ಕಂಪನಿಗೆ ಬಂದವನು 1963ರವರೆಗೆ ಅಲ್ಲಿ ನುಡಿಸಿದ್ದು ಸಂಗೀತ. ವರ್ವ್ ಕಂಪನಿಗೆ ಹೋದ ಮೇಲೆ ನುಡಿಸಿದ್ದು ದುಡ್ಡಿನ ಸಂಗೀತ. ಕೊನೆಗಾಲದಲ್ಲಿ, 2001ರಲ್ಲಿ, ಬಿ.ಬಿ. ಕಿಂಗ್, ಎಟ್ಟಾ ಜೇಮ್ಸ್, ತಾಜ್ ಮಹಲ್, ಡಾಕ್ಟರ್ ಜಾನ್, ಕೆಬ್ ಮೋ ಇವರನ್ನೆಲ್ಲ ಕೂರಿಸಿಕೊಂಡು ಮಾಡಿದ ‘ಡಾಟ್ ಕಾಮ್ ಬ್ಲೂಸ್’ ಅತಿಥಿಗಳ ಹೆಸರು ಮಾರುವ ವ್ಯಾಪಾರ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊನ್ನೆ ಗೆಳೆಯರೊಬ್ಬರು, ಅವರ ಕಿವಿಯ ಬಗ್ಗೆ ನನಗೆ ತುಂಬ ಗೌರವ, ಆ ಸಿ.ಡಿ.ಯನ್ನು ನಮ್ಮ ಮನೆಯ ಕಪಾಟಿನಿಂದ ತೆಗೆದು, ಹಿಂಬದಿಯ ಹೆಸರುಗಳನ್ನೆಲ್ಲ ಓದಿ, ಹಾಗೇ ಒಳಗಿಟ್ಟುಬಿಟ್ಟರು. ‘ಇದರಲ್ಲಿ ಸ್ಮಿತ್ ಎಲ್ಲಿದ್ದಾನೆ ಮಾರಾಯ್ರೆ?’ ಎಂದರು. ಚಹಾ ಕುಡಿದು ಅವರು ಹೊರಟುಹೋದರು, ಪ್ರಶ್ನೆ ಹೋಗಲಿಲ್ಲ. ಇದು ಅದಕ್ಕೆ ನಾನು ಕೊಡುವ ಉತ್ತರ.

ಮೊದಲು ವಾದ್ಯದ ಮಾತು ಆಗಲಿ, ಯಾಕೆಂದರೆ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಹ್ಯಾಮಂಡ್ ಆರ್ಗನ್ನನ್ನು 1935ರಲ್ಲಿ ಮಾರುಕಟ್ಟೆಗೆ ತಂದ ಲಾರೆನ್ಸ್ ಹ್ಯಾಮಂಡ್ ಷಿಕಾಗೋದಲ್ಲಿ ಗಡಿಯಾರ ಮಾಡುತ್ತಿದ್ದವನು. ಗಡಿಯಾರಕ್ಕೆ ಬಳಸುತ್ತಿದ್ದಂಥ ಮೋಟಾರಿನಿಂದಲೇ ಹಲ್ಲುಳ್ಳ ಲೋಹದ ಚಕ್ರಗಳನ್ನು ತಿರುಗಿಸಿ ನಾದ ಹುಟ್ಟಿಸಿದ. ಸ್ಮಿತ್ ನುಡಿಸಿದ ಬಿ-3 ಮಾದರಿಯಲ್ಲಿ ಅಂಥ ಚಕ್ರಗಳು 91. ಪೈಪ್ ಆರ್ಗನ್ ಕೊಳ್ಳುವ ಶಕ್ತಿಯಿಲ್ಲದ ಚರ್ಚುಗಳೇ ಅದರ ದೊಡ್ಡ ಗಿರಾಕಿಗಳು. ಪೈಪ್ ಆರ್ಗನ್ನಿಗೆ ಸರಿಸಮ ಎಂದು ಕಂಪನಿ ಹೇಳಿಕೊಂಡದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತ್ತು. ಕೀಲಿ ಒತ್ತಿದಾಗ ಸ್ವರಕ್ಕೆ ಮೊದಲು ಒಂದು ಸಣ್ಣ ‘ಟಿಕ್’ ಸದ್ದು ಬರುತ್ತದೆ; ಅದನ್ನು ತಯಾರಿಸಿದವರು ದೋಷವೆಂದೇ ತಿಳಿದಿದ್ದರು. ಸ್ಮಿತ್ ಆ ದೋಷವನ್ನೇ ತನ್ನ ಉಚ್ಚಾರ ಮಾಡಿಕೊಂಡ. ಬೇಗ ನುಡಿಸುವಾಗ ಅವನ ಒಂದೊಂದು ಸ್ವರವೂ ಮದ್ದಳೆಯ ಮೇಲೆ ಬೆರಳು ಬಿದ್ದ ಹಾಗೆ ಬಿಡಿಬಿಡಿಯಾಗಿ ಕೇಳುವುದಕ್ಕೆ ಆ ‘ಟಿಕ್’ ಕಾರಣ.

ಅವನಿಗೂ ಮುಂಚೆ ಫ್ಯಾಟ್ಸ್ ವಾಲರ್ ಇದ್ದ, ವೈಲ್ಡ್ ಬಿಲ್ ಡೇವಿಸ್ ಇದ್ದ. ಡೇವಿಸ್ ನುಡಿಸಿದ್ದು ಕೇಳಿಯೇ ಪಿಯಾನೊ ಬಿಟ್ಟು ಆರ್ಗನ್ನಿಗೆ ಬಂದ ಸ್ಮಿತ್, ಫಿಲಡೆಲ್ಫಿಯಾದ ಒಂದು ಗೋದಾಮಿನಲ್ಲಿ ವಾದ್ಯ ಇಟ್ಟುಕೊಂಡು ತಿಂಗಳುಗಟ್ಟಲೆ ಒಬ್ಬನೇ ಕೂತು ಕಲಿತ. ಅಲ್ಲಿ ಅವನು ಕಲಿತದ್ದು ಏನು? ಬಲಗೈಯ ವೇಗವನ್ನು ಎಲ್ಲರೂ ಹೊಗಳುತ್ತಾರೆ. ನಾನು ಕೇಳುವುದು ಎಡಗೈಯನ್ನು. ಅವನ ತಂಡದಲ್ಲಿ ಗಿಟಾರ್ ಮತ್ತು ಡ್ರಮ್ಸ್ ಇರುತ್ತಿದ್ದವು, ಬೇಸ್ ನುಡಿಸಲು ಬೇರೆ ಆಳಿರಲಿಲ್ಲ. ಎಡಗೈ ಕೆಳಸ್ವರಗಳ ಮೇಲೆ ನಡೆಯುತ್ತಾ ಹೋಗುತ್ತಿತ್ತು, ಎಡಗಾಲು ಪೆಡಲಿನ ಮೇಲೆ ಆ ನಡಿಗೆಗೆ ಒತ್ತು ಕೊಡುತ್ತಿತ್ತು. ಅಂದರೆ ಈ ಮನುಷ್ಯನ ಅರ್ಧ ಮೈ ಇನ್ನರ್ಧ ಮೈಗೆ ಸಾಥ್ ಕೊಡುತ್ತಿತ್ತು. ಇಂಥವನನ್ನು ಬಲಗೈಯ ಸೋಲೋ ಒಂದರಿಂದಲೇ ಅಳೆಯುವ ವಿಮರ್ಶೆ ಅರ್ಧ ಸ್ಮಿತ್‌ನನ್ನು ಕೇಳಿಯೇ ಇಲ್ಲ.

ಈಗ ‘ದಿ ಸರ್ಮನ್’ಗೆ ಬನ್ನಿ. ಅದನ್ನು ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. 1958ರ ಫೆಬ್ರವರಿಯಲ್ಲಿ ರೆಕಾರ್ಡ್ ಆದ ಇಪ್ಪತ್ತು ನಿಮಿಷದ ಒಂದೇ ಬ್ಲೂಸ್. ಲೀ ಮಾರ್ಗನ್‌ನ ಟ್ರಂಪೆಟ್, ಲೂ ಡೊನಾಲ್ಡ್‌ಸನ್ ಮತ್ತು ಟೀನಾ ಬ್ರೂಕ್ಸ್ ಅವರ ಸ್ಯಾಕ್ಸೊಫೋನು, ಕೆನ್ನಿ ಬರೆಲ್‌ನ ಗಿಟಾರ್, ಆರ್ಟ್ ಬ್ಲೇಕಿಯ ಡ್ರಮ್ಸ್. ಇವರಲ್ಲಿ ಯಾರೂ ಸ್ಮಿತ್‌ನ ಕಾಯಂ ತಂಡದವರಲ್ಲ. ಒಬ್ಬೊಬ್ಬರಾಗಿ ಬಂದು ತಮ್ಮ ಪಾಲಿನ ಮಾತು ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಇದನ್ನು ಅತಿಥಿಗಳ ಕೂಟ ಎನ್ನದೆ ಇನ್ನೇನು ಎನ್ನಬೇಕು? ಆದರೆ 1958ರ ಈ ಕೂಟ ‘ಐತಿಹಾಸಿಕ’ವಾಗುತ್ತದೆ, 2001ರದ್ದು ‘ವ್ಯಾಪಾರ’ವಾಗುತ್ತದೆ. ಅತಿಥಿ ಟ್ರಂಪೆಟ್ ತಂದರೆ ಕಲೆ, ತನ್ನ ಕಂಠ ತಂದರೆ ಸರಕು! ಈ ತಾರತಮ್ಯವನ್ನು ಯಾವ ಸಂಗೀತಶಾಸ್ತ್ರವೂ ಸಮರ್ಥಿಸಲಾರದು. ‘ದಿ ಸರ್ಮನ್’ನಲ್ಲಿ ನಾನು ಮತ್ತೆ ಮತ್ತೆ ಕೇಳುವುದು ಸ್ಮಿತ್‌ನ ಮುಖ್ಯ ಭಾಗವನ್ನಲ್ಲ. ಬೇರೆಯವರು ನುಡಿಸುತ್ತಿರುವಾಗ ಅವನು ಹಿಂದಿನಿಂದ ಚುಟುಕಾಗಿ ಕೊಡುವ ಉತ್ತೇಜನ, ಆಮೇಲೆ ಒಮ್ಮೆಲೇ ನಾದವನ್ನು ಉಬ್ಬಿಸಿ ಮಾತಾಡುತ್ತಿರುವವನನ್ನು ಇನ್ನೊಂದು ಮೆಟ್ಟಿಲು ಹತ್ತಿಸುವ ರೀತಿ. ಪ್ರಸಂಗಿ ಉಪದೇಶ ಮಾಡುವಾಗ ಸಭೆ ‘ಹೌದು, ಹೌದು’ ಎಂದು ಓಗೊಡುವ ಕರಿಯರ ಚರ್ಚಿನ ಕ್ರಮ ಅದು. ಶೀರ್ಷಿಕೆ ಸುಮ್ಮನೆ ಬಂದದ್ದಲ್ಲ.

ಮುಪ್ಪಿನಲ್ಲಿ ಬೇರೆ ದಾರಿ ಕಾಣದೆ ಬ್ಲೂಸಿಗೆ ಜಾರಿದ ಎನ್ನುವ ಆರೋಪ ಇದಕ್ಕಿಂತ ಹಗುರವಾದದ್ದು. ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’ ಮತ್ತು ‘ಮಿಡ್‌ನೈಟ್ ಸ್ಪೆಷಲ್’ ಎರಡೂ 1960ರ ಏಪ್ರಿಲ್ 25ರಂದು, ಒಂದೇ ದಿನ ರೆಕಾರ್ಡ್ ಆದವು. ಎರಡರ ಶೀರ್ಷಿಕೆ ರಚನೆಗಳೂ ಬ್ಲೂಸ್. ಮೊದಲನೆಯದರ ಮುಖಪುಟದಲ್ಲಿ ಕೋಳಿಗೂಡಿನ ಮುಂದೆ ನಾಯಿ ಮತ್ತು ಹುಂಜದ ಜೊತೆ ಅವನೇ ಕೂತಿದ್ದಾನೆ. ಅರವತ್ತರ ದಶಕದ ನಡುವಿನಲ್ಲಿ, ಇನ್ನೂ ಒಳ್ಳೆಯ ಪ್ರಾಯದಲ್ಲಿದ್ದಾಗಲೇ, ಮಡ್ಡಿ ವಾಟರ್ಸ್ ಜನಪ್ರಿಯಗೊಳಿಸಿದ ‘ಗಾಟ್ ಮೈ ಮೋಜೊ ವರ್ಕಿಂಗ್’, ‘ಹೂಚಿ ಕೂಚಿ ಮ್ಯಾನ್’ ಹಾಡುಗಳನ್ನು ತನ್ನದೇ ಒಡಕು ಗಂಟಲಿನಲ್ಲಿ ಹಾಡಿ ಎರಡು ಆಲ್ಬಮ್ ಮಾಡಿದ. ಅವನು ಬ್ಲೂಸಿನಿಂದ ಎಂದೂ ಹೊರಗೆ ಹೋದವನೇ ಅಲ್ಲ. ಹೋಗದವನು ಮರಳಿ ಬರುವುದೆಂತು?

‘ಡಾಟ್ ಕಾಮ್ ಬ್ಲೂಸ್’ನ ‘ತ್ರೀ ಓಕ್ಲಾಕ್ ಬ್ಲೂಸ್’ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಬಿ.ಬಿ. ಕಿಂಗ್ ಅರ್ಧ ಶತಮಾನದ ಹಿಂದೆ ಹಾಡಿ ಹೆಸರು ಮಾಡಿದ ಮೊದಲ ದೊಡ್ಡ ಹಾಡು ಇದೇ. ನಿದ್ದೆ ಬಾರದ ರಾತ್ರಿಯ ಹಾಡು, ಹನ್ನೆರಡು ಬಾರುಗಳ ಆವರ್ತ, ಅವಸರವೇ ಇಲ್ಲದ ಲಯ. ಕಿಂಗ್‌ನ ಪದ್ಧತಿ ಗೊತ್ತಿದ್ದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಅವನು ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ, ಗಿಟಾರ್ ನುಡಿಸುವಾಗ ಹಾಡುತ್ತಿರಲಿಲ್ಲ. ಒಂದು ಸಾಲು ಕಂಠ, ಅದಕ್ಕೆ ಗಿಟಾರಿನ ಉತ್ತರ. ಹಾಗಾಗಿ ಹಾಡಿನ ಹಿಂದೆ ಯಾವಾಗಲೂ ಒಂದು ಜಾಗ ಖಾಲಿ ಉಳಿಯುತ್ತದೆ. ಆ ಜಾಗವನ್ನು ತುಂಬುವುದು ಅಪಾಯದ ಕೆಲಸ. ಹೆಚ್ಚು ತುಂಬಿದರೆ ಕಂಠ ಮುಳುಗುತ್ತದೆ, ಗಿಟಾರಿನ ಉತ್ತರಕ್ಕೆ ಬೆಲೆ ಉಳಿಯುವುದಿಲ್ಲ. ತುಂಬದಿದ್ದರೆ ಹಾಡು ಒಣಗುತ್ತದೆ.

ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಆರ್ಗನ್ನಿನದು ಬೆರಳು ತೆಗೆಯುವವರೆಗೂ ನಿಲ್ಲುತ್ತದೆ. ಆದ್ದರಿಂದ ಯಾವಾಗ ಬೆರಳು ತೆಗೆಯಬೇಕು ಎನ್ನುವುದೇ ಈ ವಾದ್ಯದಲ್ಲಿ ಅರ್ಧ ವಿದ್ಯೆ. ಎಪ್ಪತ್ತು ದಾಟಿದ ಸ್ಮಿತ್ ಇಲ್ಲಿ ಆ ವಿದ್ಯೆಯನ್ನು ಪೂರ್ತಿ ಬಿಚ್ಚಿಟ್ಟಿದ್ದಾನೆ. ಹಾಡಿನ ಅಡಿಯಲ್ಲಿ ಚಾಪೆ ಹಾಸಿದಂತೆ ನಾದ ಹಾಸುತ್ತಾನೆ, ಗಿಟಾರ್ ಮಾತಾಡಬೇಕಾದಲ್ಲಿ ಕೈ ಹಗುರ ಮಾಡುತ್ತಾನೆ. ಆರ್ಗನ್ನಿಗೆ ಜೋಡಿಸುವ ಲೆಸ್ಲಿ ಸ್ಪೀಕರಿನ ಒಳಗೆ ಕೊಂಬು ತಿರುಗುತ್ತದಲ್ಲ, ಅದು ನಿಧಾನವಾಗಿದ್ದಾಗ ನಾದ ಉಸಿರಾಡುತ್ತದೆ, ಜೋರಾದಾಗ ನಡುಗುತ್ತದೆ. ಆ ನಡುಕವನ್ನು ಅವನು ಜೋಪಾನವಾಗಿ ಖರ್ಚು ಮಾಡುತ್ತಾನೆ. ನಾನು ಈ ಹಾಡನ್ನು ಮೊದಲ ಸಲ ಕೇಳಿದಾಗ ನನಗೂ ಕೇಳಿಸಿದ್ದು ಕಿಂಗ್ ಒಬ್ಬನೇ. ಸ್ಮಿತ್ ಕೇಳಿಸಲು ತಿಂಗಳುಗಳೇ ಬೇಕಾದವು. ಅಂದಿನಿಂದ ಈ ಹಾಡನ್ನು ಬೇರೆ ರೀತಿ ಕೇಳಲು ನನ್ನಿಂದ ಆಗಿಲ್ಲ.

ಎಟ್ಟಾ ಜೇಮ್ಸ್‌ಳ ಹಾಡಿನಲ್ಲಿ ಲೆಕ್ಕಾಚಾರ ಬೇರೆ. ಲಾಸ್ ಏಂಜಲೀಸಿನ ಚರ್ಚಿನಲ್ಲಿ ಹಾಡುತ್ತಾ ಬೆಳೆದವಳು ಅವಳು. ಅವಳ ಕಂಠಕ್ಕೆ ಚಾಪೆ ಬೇಡ, ಎದುರಿಗೆ ನಿಲ್ಲುವ ಗೋಡೆ ಬೇಕು, ಸ್ಮಿತ್ ಗೋಡೆಯಾಗಿ ನಿಲ್ಲುತ್ತಾನೆ. ಡಾಕ್ಟರ್ ಜಾನ್ ಹಾಡಿರುವುದೂ ನನಗೆ ಇಷ್ಟ. ಕೆಬ್ ಮೋನದು ತೆಳುವಾಯಿತು, ತಾಜ್ ಮಹಲ್‌ನದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಕೊರತೆಯೂ ಇದೆ: ಬೇಸ್ ಗಿಟಾರಿಗೆ ರೆಗ್ಗಿ ಮೆಕ್‌ಬ್ರೈಡ್ ಇರುವುದರಿಂದ, ನಾನು ಇಷ್ಟು ಹೊಗಳಿದ ಆ ಎಡಗೈಯ ನಡಿಗೆಗೆ ಇಲ್ಲಿ ಹೆಚ್ಚು ಅವಕಾಶವಿಲ್ಲ. ನಿರ್ಮಾಪಕ ಜಾನ್ ಪೋರ್ಟರ್ ಧೈರ್ಯ ಮಾಡಿ ಎರಡು ಹಾಡುಗಳಲ್ಲಾದರೂ ಬೇಸ್ ತೆಗೆದಿಡಬೇಕಿತ್ತು. ಆದರೂ ರಸೆಲ್ ಮಲೋನ್‌ನ ಗಿಟಾರ್, ಹಾರ್ವೆ ಮೇಸನ್‌ನ ಡ್ರಮ್ಸ್ ಜೊತೆ ಯಾವ ಹಾಡುಗಾರರೂ ಇಲ್ಲದೆ ನುಡಿಸಿದ ‘ಮೂಡ್ ಇಂಡಿಗೊ’ ಇದೇ ಆಲ್ಬಮ್ಮಿನಲ್ಲಿದೆ. ಅತಿಥಿಗಳ ಆಸರೆಯಿಲ್ಲದೆ ಈ ಮುದುಕ ನಿಲ್ಲಲಾರ ಎನ್ನುವವರು ಅಲ್ಲಿವರೆಗೆ ಕೇಳುವ ತಾಳ್ಮೆ ತೋರಿಲ್ಲ.

ಸ್ಮಿತ್‌ನ ಬದಲಿಗೆ ವಿಮರ್ಶಕರು ಎತ್ತಿ ಹಿಡಿಯುವ ಹೆಸರು ಲ್ಯಾರಿ ಯಂಗ್. 1965ರಲ್ಲಿ ಅವನು ರೆಕಾರ್ಡ್ ಮಾಡಿದ ‘ಯೂನಿಟಿ’ ದೊಡ್ಡ ಕೃತಿ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಹೊಗಳಿಕೆಯ ಒಳಗಿನ ಮಾತು ನನಗೆ ಹಿಡಿಸುವುದಿಲ್ಲ: ಯಂಗ್ ಆರ್ಗನ್ನನ್ನು ಬ್ಲೂಸಿನಿಂದ, ಚರ್ಚಿನಿಂದ, ಫಿಲಡೆಲ್ಫಿಯಾ-ನ್ಯೂಆರ್ಕಿನ ಬೀದಿಬದಿಯ ಬಾರುಗಳಿಂದ ‘ಬಿಡಿಸಿದ’ ಎನ್ನುತ್ತಾರೆ. ಬಿಡಿಸಲು ಅದೇನು ಸೆರೆಮನೆಯಾಗಿತ್ತೆ? ದುಡಿದು ಬಂದ ಕರಿಯ ಜನ ಸಂಜೆ ಕೂತು ಕೇಳುತ್ತಿದ್ದ ಸಂಗೀತ ಅದು. ಆರ್ಗನ್ ವಾದಕರಾದ ಷರ್ಲಿ ಸ್ಕಾಟ್, ಜ್ಯಾಕ್ ಮ್ಯಾಕ್‌ಡಫ್, ಜಿಮ್ಮಿ ಮ್ಯಾಕ್‌ಗ್ರಿಫ್ ಬೆಳೆದದ್ದು ಆ ಜನರ ಎದುರು. ಕೇಳುಗ ಕಾಲು ಕುಣಿಸಿದ ಕೂಡಲೇ ಸಂಗೀತದ ಅಂತಸ್ತು ಇಳಿಯಿತು ಎಂದು ಬಗೆಯುವ ಅಭಿರುಚಿ ಕಿವಿಯಿಂದ ಹುಟ್ಟಿದ್ದಲ್ಲ, ಅಂತಸ್ತಿನ ಚಿಂತೆಯಿಂದ ಹುಟ್ಟಿದ್ದು.

ಈ ಚಿಂತೆ ನಮಗೂ ಹೊಸದಲ್ಲ. ಹಾರ್ಮೋನಿಯಂ ನಮ್ಮಲ್ಲಿಗೆ ಬಂದದ್ದೂ ಹೆಚ್ಚುಕಡಿಮೆ ಹ್ಯಾಮಂಡ್‌ನಂತೆಯೇ: ಪೈಪ್ ಆರ್ಗನ್ ಇಡಲಾಗದ ಸಣ್ಣ ಚರ್ಚುಗಳಿಗಾಗಿ ಯುರೋಪಿನಲ್ಲಿ ಬಳಕೆಗೆ ಬಂದ ಪೆಟ್ಟಿಗೆ ಮಿಷನರಿಗಳ ಜೊತೆ ಬಂತು. ಕಂಪನಿ ನಾಟಕದವರು ಅದನ್ನು ತಮ್ಮದಾಗಿಸಿಕೊಂಡರು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ನಿಷೇಧಿಸಿತು. ಮೀಂಡ್ ಬಾರದ, ಶ್ರುತಿ ಶುದ್ಧವಿಲ್ಲದ ವಾದ್ಯ ಎಂದರು. ಆ ನಿಷೇಧ ಸಡಿಲಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಅಷ್ಟೂ ಕಾಲ ಬೆಳಗಾವಿಯ ರಾಮಭಾವು ಬಿಜಾಪುರೆಯಂಥವರು ಊರೂರು ತಿರುಗಿ ದೊಡ್ಡ ದೊಡ್ಡ ಗಾಯಕರ ಪಕ್ಕ ಪೇಟಿ ಹಿಡಿದು ಕೂತರು. ಅವರ ಸಾಥ್ ಬಗ್ಗೆ ನಮ್ಮ ಸಂಗೀತ ವಿಮರ್ಶೆ ಎಷ್ಟು ಪುಟ ಬರೆದಿದೆ? ಕಛೇರಿಯ ವರದಿಗಳಲ್ಲಿ ಕೊನೆಯ ಸಾಲು, ‘ಹಾರ್ಮೋನಿಯಂನಲ್ಲಿ ಸಹಕರಿಸಿದರು’ ಎಂದು. ಯಕ್ಷಗಾನ ನೋಡುವ ಕರಾವಳಿಯವರಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಭಾಗವತರು ಕೂರುವುದು ಹಿಮ್ಮೇಳದಲ್ಲಿ, ಆಟ ನಡೆಸುವವರೂ ಅವರೇ. ವೇಷ ಎಷ್ಟೇ ದೊಡ್ಡದಿರಲಿ, ಪದ್ಯ ಎತ್ತುವವರೆಗೆ ಅದು ಕಾಯಬೇಕು.

ನನ್ನ ಗೆಳೆಯರೂ ಕರಾವಳಿಯವರೇ. ಇಡೀ ರಾತ್ರಿ ಆಟ ನೋಡಿ, ಬೆಳಗ್ಗೆ ಚಹಾದಂಗಡಿಯಲ್ಲಿ ಮೊದಲು ಭಾಗವತಿಕೆಯ ಗುಣದೋಷ ಎತ್ತುವ ಜನ. ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಕಪಾಟಿನಲ್ಲಿ ಆ ಸಿ.ಡಿ. ಇಟ್ಟಲ್ಲೇ ಇದೆ. ಇನ್ನೊಂದು ಸಂಜೆ ಬನ್ನಿ. ‘ತ್ರೀ ಓಕ್ಲಾಕ್ ಬ್ಲೂಸ್’ ಎರಡು ಸಲ ಹಾಕೋಣ. ಮೊದಲ ಸಲ ಬಿ.ಬಿ. ಕಿಂಗ್‌ನನ್ನು ಕೇಳಿ. ಎರಡನೇ ಸಲ ಕಂಠ, ಗಿಟಾರ್ ಎರಡನ್ನೂ ಬಿಟ್ಟು, ಅವು ಯಾವುದರ ಮೇಲೆ ಕೂತಿವೆ ಎಂಬುದನ್ನು ಕೇಳಿ.