ಮೆಥೋಡಿಯಸ್‌ನ ಚರಿತ್ರೆ ಮತ್ತು ಪುಲಿಗೆರೆಯ ತಿರುಳು: ಪ್ರಶಂಸೆಯು ಭಾಷಿಕ ಸಾಕ್ಷ್ಯವಾಗುವುದು ಎಂದು?

ಸ್ಲಾವರ ನಡುವೆ ದುಡಿದು 885ರಲ್ಲಿ ತೀರಿಕೊಂಡ ಆರ್ಚ್‌ಬಿಷಪ್ ಮೆಥೋಡಿಯಸ್‌ನ ಜೀವನಚರಿತ್ರೆಯು ಅವನ ಶಿಷ್ಯವಲಯದಲ್ಲಿ ರಚಿತವಾದ ಕೃತಿ. ಅದರ ಐದನೆಯ ಅಧ್ಯಾಯದಲ್ಲಿ ಭಾಷಾವಿಜ್ಞಾನಿಗಳು ಮತ್ತೆ ಮತ್ತೆ ಉಲ್ಲೇಖಿಸುವ ಮಾತೊಂದಿದೆ. ಮೊರಾವಿಯಾದ ದೊರೆ ರಾಸ್ತಿಸ್ಲಾವ್ ಬೋಧಕರನ್ನು ಕೇಳಿದಾಗ, ಚಕ್ರವರ್ತಿ ಮೂರನೆಯ ಮೈಕೇಲನು ಕಾನ್‌ಸ್ಟಂಟೈನ್ ಮತ್ತು ಮೆಥೋಡಿಯಸ್ ಸೋದರರನ್ನು ಆರಿಸುತ್ತಾನೆ. ಅವರು ಥೆಸಲೋನಿಕದವರು, ಆ ಊರಿನವರೆಲ್ಲ ಶುದ್ಧ ಸ್ಲಾವಿಕ್ ನುಡಿಯುತ್ತಾರೆ ಎಂಬುದು ಅವನು ಕೊಡುವ ಕಾರಣ.

ಈ ಮಾತನ್ನು ಅಣ್ಣಿಗೇರಿಯಿಂದ ಓದುವವರಿಗೆ ಅದು ಪರಿಚಿತವೆನಿಸುತ್ತದೆ. ಅದೇ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ವು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. ಪುಲಿಗೆರೆಯೆಂದರೆ ಅಣ್ಣಿಗೇರಿಯ ದಕ್ಷಿಣಕ್ಕಿರುವ, ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಪಂಪನೂ ತನ್ನ ಕಾವ್ಯಭಾಷೆಯನ್ನು ಪುಲಿಗೆರೆಯ ತಿರುಳಿಗೆ ಜೋಡಿಸಿಕೊಂಡನು. ಅವನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರಿಕ್ಯಾಲದ ಜಿನವಲ್ಲಭ ಶಾಸನ ತಿಳಿಸುತ್ತದೆ. ಆದರೆ ಪಂಪನು ಕಾವ್ಯ ರಚಿಸಿದ್ದು ಅರಿಕೇಸರಿಯ ವೇಮುಲವಾಡದ ಆಶ್ರಯದಲ್ಲಿ, ಇಂದಿನ ತೆಲಂಗಾಣದಲ್ಲಿ. ಥೆಸಲೋನಿಕದ ನುಡಿ ಮೊರಾವಿಯಾದಲ್ಲಿ ಗ್ರಂಥಭಾಷೆಯಾದಂತೆ, ಪುಲಿಗೆರೆಯ ಹೆಸರೂ ತವರಿನಿಂದ ದೂರದಲ್ಲಿ ಪ್ರಮಾಣವಾಯಿತು.

ಈ ಎರಡು ಹೇಳಿಕೆಗಳ ಸ್ವರೂಪವನ್ನು ವಿವೇಚಿಸಬೇಕು. ಇವು ಉಪಭಾಷಾ ಸಮೀಕ್ಷೆಯ ವರದಿಗಳಲ್ಲ. ಒಂದು ಬರಹಕ್ಕೆ ಅಧಿಕಾರವನ್ನು ದೊರಕಿಸಿಕೊಡುವ ವಾಕ್ಯಗಳು. ಮೆಥೋಡಿಯಸ್‌ನನ್ನು ಬವೇರಿಯಾದ ಬಿಷಪರು ಬಂಧನದಲ್ಲಿಟ್ಟಿದ್ದರು. ಸ್ಲಾವಿಕ್ ಆರಾಧನೆಗೆ 880ರಲ್ಲಿ ಪೋಪ್ ಎಂಟನೆಯ ಜಾನ್ ಕೊಟ್ಟ ಸಮ್ಮತಿ ಮೆಥೋಡಿಯಸ್‌ನ ಮರಣಾನಂತರ ಉಳಿಯಲಿಲ್ಲ. ಇಂಥ ಸನ್ನಿವೇಶದಲ್ಲಿ ಚರಿತ್ರಕಾರನಿಗೆ ‘ಶುದ್ಧ’ ಎಂಬ ವಿಶೇಷಣ ಅಗತ್ಯವಾಗಿತ್ತು.

ಹಾಗಿದ್ದೂ ಸ್ಲಾವಿಕ್ ವಿದ್ವಾಂಸರು ಆ ಮಾತನ್ನು ತಳ್ಳಿಹಾಕಲಿಲ್ಲ, ಪರೀಕ್ಷಿಸಿದರು. ಮೂಲ ಸ್ಲಾವಿಕ್‌ನ ‘ತ್ಯ’, ‘ದ್ಯ’ಗಳಿಗೆ ಪ್ರಾಚೀನ ಸ್ಲಾವಿಕ್ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವುದು ‘ಶ್ತ’, ‘ಝ್ದ’. ಇದು ಬಲ್ಗೇರಿಯಾ-ಮ್ಯಾಸಿಡೋನಿಯ ವಲಯದ ಲಕ್ಷಣ. ಕೀವ್ ಪತ್ರಗಳಲ್ಲಾದರೋ ಪಶ್ಚಿಮ ಸ್ಲಾವಿಕ್‌ನ ‘ತ್ಸ’, ‘ಜ಼’ ಇವೆ. ಅಂದರೆ ತಳಹದಿ ಥೆಸಲೋನಿಕದ ಕಡೆಯದು, ಬಳಕೆಯ ಪದರ ಮೊರಾವಿಯಾದ್ದು. ಚಕ್ರವರ್ತಿಯ ಮಾತಿನಲ್ಲಿ ನುಡಿಯ ನೆಲೆ ಸ್ಥಿರಪಟ್ಟಿತು. ಶುದ್ಧಿಯು ಪರೀಕ್ಷೆಗೆ ಒಳಪಡುವ ಗುಣವೇ ಆಗಿರಲಿಲ್ಲ.

ನಮ್ಮಲ್ಲಿ ಕವಿರಾಜಮಾರ್ಗದ ಪದ್ಯವನ್ನೇ ಮುಂದಿಟ್ಟು ಇಂದಿನ ಧಾರವಾಡದ ಹಳ್ಳಿಗಳ ಮಾತು ಹಳಗನ್ನಡಕ್ಕೆ ಅತಿ ಹತ್ತಿರವೆಂದು ಸಾಧಿಸುವ ಪ್ರವೃತ್ತಿ ಇದೆ. ಇದಕ್ಕೂ ಅದೇ ಪರೀಕ್ಷೆ ಸಲ್ಲಬೇಕು. ನವಲಗುಂದ, ಕುಂದಗೋಳದ ಕಡೆಯ ‘ಮನ್ಯಾಗ’ ಎಂಬ ರೂಪವನ್ನೇ ನೋಡಬಹುದು. ಇದರ ‘-ಆಗ’ ಪ್ರತ್ಯಯವು ‘ಒಳಗೆ’ಯಿಂದ ಬಂದುದು, ಆದ್ದರಿಂದ ಹಳಗನ್ನಡದ ‘ಒಳ್’ನೊಂದಿಗೆ ಅದರ ಸಂಬಂಧ ಉಳಿದಿದೆ. ದಕ್ಷಿಣದ ‘ಮನೆಯಲ್ಲಿ’ ಬೇರೆ ದಾರಿ ಹಿಡಿದಿದೆ. ಆದರೆ ಅದೇ ಭಾಷಿಕರ ‘ಮನಿ’ಯಲ್ಲಿ ಪದಾಂತ್ಯದ ಎಕಾರವು ಇಕಾರವಾಗಿದೆ, ಇಲ್ಲಿ ಹಳೆಯ ಸ್ವರವನ್ನು ಉಳಿಸಿಕೊಂಡಿರುವುದು ದಕ್ಷಿಣದ ‘ಮನೆ’. ಒಂದೇ ನಾಮಪದದಲ್ಲಿ ಪ್ರತ್ಯಯವು ಹಳೆಯ ಎಳೆಯನ್ನು ಹಿಡಿದಿದ್ದರೆ ಸ್ವರವು ಹೊಸತಾಗಿದೆ.

ಆದುದರಿಂದ ‘ತಿರುಳು’ ಎಂಬುದು ಉಪಭಾಷೆಯೊಂದರ ಸಮಗ್ರ ಗುಣವಾಗಲಾರದು. ಪ್ರತಿಯೊಂದು ಲಕ್ಷಣಕ್ಕೂ ಪ್ರತ್ಯೇಕ ಇತಿಹಾಸವಿದೆ. ಇದನ್ನು ಮರೆತರೆ ಕ್ಷೇತ್ರಕಾರ್ಯದ ಸಾಮಗ್ರಿಗೆ ನಷ್ಟ. ತಿರುಳಿನ ವೈಭವಕ್ಕೆ ಒಪ್ಪುವ ‘ಮನ್ಯಾಗ’ ಪ್ರಬಂಧದ ಪುಟಕ್ಕೆ ಏರುತ್ತದೆ, ಒಪ್ಪದ ‘ಮನಿ’ ಅಪಭ್ರಂಶವೆಂದು ಹೊರಗುಳಿಯುತ್ತದೆ. ಕುಂದಗೋಳದ ಭಾಷಿಕರಿಗೆ ಇವೆರಡೂ ಒಂದೇ ನುಡಿಯ ರೂಪಗಳು. ಅವೆರಡನ್ನೂ ಒಂದೇ ವ್ಯಾಕರಣದಲ್ಲಿ ವಿವರಿಸುವುದು ಸಂಶೋಧಕರ ಹೊಣೆ.