ಏಟುಗಳನ್ನು ಎಣಿಸುವ ಮುನ್ನ



ಮೆಲ್ ಗಿಬ್ಸನ್ ನಿರ್ದೇಶನದ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಚಿತ್ರವು 2004ರ ವಿಭೂತಿ ಬುಧವಾರದಂದು ಅಮೆರಿಕದಲ್ಲಿ ತೆರೆಕಂಡಿತು. ತಪಸ್ಸುಕಾಲದಲ್ಲಿ ಅದನ್ನು ಕುಟುಂಬಸಮೇತ ನೋಡುವವರು ಇಂದಿಗೂ ಉಂಟು. ನೋಡಿ ಕಣ್ಣೀರಿಡುವುದು ಸಹಜ. ಆದರೆ ಆ ಕಣ್ಣೀರು ನಮ್ಮನ್ನು ಎಂಥ ದೇವರ ಬಳಿಗೆ ಕರೆದೊಯ್ಯುತ್ತದೆ?

ಕೊರಡೆಯೇಟಿನ ಪ್ರಸಂಗವನ್ನು ಸಂತ ಯೊವಾನ್ನರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಚಿತ್ರವಾದರೋ ಅದನ್ನು ನಿಮಿಷಗಟ್ಟಲೆ ತೋರಿಸುತ್ತದೆ. ಸೈನಿಕರು ಏಟುಗಳನ್ನು ಗಟ್ಟಿಯಾಗಿ ಎಣಿಸುತ್ತಾರೆ. ನೋಡುವವರ ಮನಸ್ಸೂ ಎಣಿಸತೊಡಗುತ್ತದೆ. ರಕ್ಷಣೆಯೆಂದರೆ ನೋವಿನಿಂದ ತೀರಿಸಿದ ಸಾಲ, ಕುಪಿತರಾದ ಪಿತನು ಸುತನ ರಕ್ತವನ್ನು ಕಂಡು ಶಾಂತರಾದರು ಎಂಬ ತಪ್ಪು ಭಾವನೆ ಇಲ್ಲಿಯೇ ಬೇರೂರುವುದು. ಹಾಸಿಗೆ ಹಿಡಿದ ರೋಗಿಯೊಬ್ಬರು, “ದೇವರು ನನ್ನಿಂದಲೂ ಬಾಕಿ ವಸೂಲಿ ಮಾಡುತ್ತಿದ್ದಾರೆ” ಎಂದು ಕೊರಗುವುದು ಈ ಭಾವನೆಯ ಫಲವೇ.

ಧರ್ಮಸಭೆಯ ಬೋಧನೆ ಬೇರೆ. ಪಾಪವು ಋಣವೆಂಬ ವಿಚಾರವನ್ನು 1098ರಲ್ಲಿ ಮುಗಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದ ಸಂತ ಅನ್ಸೆಲ್ಮರೂ, ಕ್ರಿಸ್ತರು ಸ್ವಇಚ್ಛೆಯಿಂದಲೇ ಪ್ರಾಣವನ್ನರ್ಪಿಸಿದರೆಂದು ಒತ್ತಿ ಹೇಳಿದ್ದಾರೆ. ಆ ಅರ್ಪಣೆಯ ಬೆಲೆಗೆ ಮೊದಲ ಕಾರಣ ಕ್ರಿಸ್ತರ ಪ್ರೀತಿಯ ಹಿರಿಮೆ ಎಂದರು ಸಂತ ಥಾಮಸ್ ಅಕ್ವಿನಾಸರು. ಪಿತನ ಪ್ರೀತಿಯನ್ನು ಶಿಲುಬೆಯು ಹುಟ್ಟಿಸಲಿಲ್ಲ. ಆ ಪ್ರೀತಿಯೇ ಸುತನನ್ನು ನಮ್ಮ ಬಳಿಗೆ ಕಳುಹಿಸಿತು.

ಚಿತ್ರದ ಶ್ರೇಷ್ಠ ದೃಶ್ಯಗಳು ಇದನ್ನು ಬಲ್ಲವು. ಶಿಲುಬೆಗೇರಿಸುವಾಗ ನಡುನಡುವೆ ಕಡೆಯ ಭೋಜನದ ರೊಟ್ಟಿ, ಪಾನಪಾತ್ರೆಗಳು ಕಾಣಿಸುತ್ತವೆ. ಕೊಲ್ಲುವವರು ಕಸಿದುಕೊಳ್ಳುವುದಕ್ಕೆ ಮುಂಚೆಯೇ ಯೇಸು ತಮ್ಮನ್ನು ಕೊಟ್ಟುಬಿಟ್ಟಿದ್ದಾರೆ. ಪ್ರತಿ ಬಲಿಪೂಜೆಯಲ್ಲಿ ನಾವು ಸ್ವೀಕರಿಸುವುದು ಆ ದಾನವನ್ನೇ. ಮೊಳೆ ಹಿಡಿದ ಕೈ ಸ್ವತಃ ನಿರ್ದೇಶಕರದು. ಯೆಹೂದ್ಯರತ್ತ ಬೆರಳು ತೋರಿಸುವವರಿಗೆ ಅದೊಂದು ಉತ್ತರ. ಆದರೂ ಚಿತ್ರದಲ್ಲಿ ಯೆಹೂದ್ಯ ಜನಸಮೂಹದ ಚಿತ್ರಣವು ಆ ಉತ್ತರವನ್ನು ದುರ್ಬಲಗೊಳಿಸುತ್ತದೆ. ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಆ ದೋಷವನ್ನು ಹೊರಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ.

ಸುಮಾರು ಎರಡು ಗಂಟೆಗಳ ಈ ಚಿತ್ರದಲ್ಲಿ ಪುನರುತ್ಥಾನಕ್ಕೆ ದೊರೆತಿರುವುದು ಕೊನೆಯ ಕೆಲವು ಕ್ಷಣಗಳು ಮಾತ್ರ. ಆ ಕೊರತೆಯನ್ನು ನೀವು ತುಂಬಿರಿ. ಚಿತ್ರ ಮುಗಿದ ಬಳಿಕ ಮಕ್ಕಳೊಂದಿಗೆ ಕುಳಿತು ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯವನ್ನು ಓದಿರಿ. ಪುನರುತ್ಥಾನರಾದ ಪ್ರಭು ತಮ್ಮ ಗಾಯಗಳನ್ನು ತೋರಿಸುವುದು ಲೆಕ್ಕ ಒಪ್ಪಿಸಲಿಕ್ಕಲ್ಲ. ಓಡಿಹೋಗಿದ್ದ ಶಿಷ್ಯರಿಗೆ ಶಾಂತಿ ನೀಡಲಿಕ್ಕೆ.